ಇವರನ್ನು ಹೆತ್ತವರು ಯಾರು?
(ಸಂಪಾದಕರ ಉತ್ತರ)

ಪ್ರಿಯ ಓದುಗರೇ,

ಗಂಗಾವತಿ ತಾಲ್ಲೂಕಿನ ನಿಮ್ಮ ಊರಿನಿಂದ ಬಂದ ಪತ್ರವನ್ನೂ ಅದರ ಜೊತೆಗಿದ್ದ ನೋಟುಪುಸ್ತಕದ ಪ್ರತಿಯನ್ನೂ ಎರಡು ಸಲ ಓದಿದೆ. ಹೆಸರು ಅಚ್ಚು ಮಾಡಬೇಡಿ ಎಂದು ಕೇಳಿದ್ದೀರಿ, ಮಾಡುವುದಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ನೀವೊಂದು ಕಾದಂಬರಿ ಬರೆಯುತ್ತಿದ್ದೀರಿ. ಅದರ ಲೋಕ ನಿಮ್ಮ ಕಲ್ಪನೆಯದು, ಆ ಲೋಕದ ಪುರಾಣವೂ ನಿಮ್ಮದೇ. ಅದರಲ್ಲಿ ಒಂಬತ್ತು ಮಂದಿ ಅಮರರಿದ್ದಾರೆ. ಒಬ್ಬನಿಗೆ ಬೆಂಕಿ, ಒಬ್ಬಳಿಗೆ ಗಾಳಿ, ಮತ್ತೊಬ್ಬನಿಗೆ ಕಾಲವನ್ನೇ ತಡೆದು ನಿಲ್ಲಿಸುವ ಶಕ್ತಿ ಎಂದು ಅಚ್ಚುಕಟ್ಟಾದ ಕೋಷ್ಟಕ ಹಾಕಿದ್ದೀರಿ. ಅದನ್ನು ನಿಮ್ಮ ಚಿಕ್ಕಪ್ಪನ ಮಗಳಿಗೆ ಓದಿ ಹೇಳಿದಾಗ ಆ ಹುಡುಗಿ, “ಅಕ್ಕಾ, ಇವರನ್ನೆಲ್ಲ ಹೆತ್ತವರು ಯಾರು?” ಎಂದು ಕೇಳಿದಳಂತೆ. ನಿಮಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಬರವಣಿಗೆ ನಿಂತಿದೆ. ಅಮರರಿಗೆ ಹುಟ್ಟು ಬೇಕೇ, ಸಾಯದವರನ್ನು ಇಟ್ಟುಕೊಂಡು ಕಥೆ ನಡೆಸುವುದು ಹೇಗೆ, ಹೊಸ ದೇವರುಗಳನ್ನು ಕಲ್ಪಿಸುವುದು ತಪ್ಪಲ್ಲವೇ ಎಂದು ಮೂರು ಪ್ರಶ್ನೆ ಕೇಳಿದ್ದೀರಿ.

ಕೊನೆಯದನ್ನು ಮೊದಲು ಮುಗಿಸುತ್ತೇನೆ. ತಪ್ಪಲ್ಲ. ನಮ್ಮ ಕಡೆ ಊರ ಅಗಸಿಯಲ್ಲಿರುವ ದೇವರ ಕಥೆಯನ್ನು ಕಟ್ಟಿದವರು ಆ ಊರಿನವರೇ. ಇನ್ನೊಬ್ಬರ ದೇವರನ್ನು ಹೀಗಳೆಯದೆ ಬರೆಯಿರಿ, ಅಷ್ಟು ಸಾಕು.

ಉಳಿದೆರಡು ಪ್ರಶ್ನೆಗಳು ಬೇರೆ ಬೇರೆ ಎಂದು ನೀವು ತಿಳಿದಿದ್ದೀರಿ. ನನಗೆ ಅವೆರಡೂ ಒಂದೇ. ನಿಮ್ಮ ಕಥೆ ನಿಂತಿರುವುದು ಸಾಯದವರನ್ನು ತಂದದ್ದಕ್ಕಲ್ಲ, ಅವರು ಸಾವಿನಿಂದ ಹೇಗೆ ತಪ್ಪಿಸಿಕೊಂಡರು ಎಂಬುದನ್ನು ಬರೆಯದೆ ಬಿಟ್ಟದ್ದಕ್ಕೆ. ಶಕ್ತಿಗಳನ್ನು ಹಂಚಿದ ಮೇಲೆ ಹುಟ್ಟನ್ನು ಹುಡುಕಲು ಹೊರಟಿದ್ದೀರಿ. ನಮ್ಮ ಹಳೆಯ ಕಥೆಗಾರರು ಹುಟ್ಟನ್ನು ಮೊದಲು ಹೇಳುತ್ತಿದ್ದರು. ಅದರೊಳಗಿಂದಲೇ ಶಕ್ತಿ ಬರುತ್ತಿತ್ತು, ಆ ಶಕ್ತಿ ಎಲ್ಲಿ ನಿಲ್ಲುತ್ತದೆ ಎಂಬುದೂ ಬರುತ್ತಿತ್ತು.

ಅಂಜನಾದ್ರಿ ನಿಮಗೆ ಹತ್ತಿರ. 575 ಮೆಟ್ಟಿಲು ಹತ್ತಿ ಎಷ್ಟೋ ಸಲ ಮೇಲೆ ಹೋಗಿರುತ್ತೀರಿ. ಹನುಮ ನಮ್ಮಲ್ಲಿ ಹುಟ್ಟಿದ ಎಂದು ಹೇಳುವ ಊರುಗಳು ಬೇರೆಯೂ ಇವೆ, ಆ ವಾದ ಇಲ್ಲಿ ಬೇಡ. ಅವನ ಹುಟ್ಟಿನ ಕಥೆಯನ್ನು ಮಾತ್ರ ನೋಡೋಣ. ಕೂಸು ಸೂರ್ಯನನ್ನು ಹಣ್ಣೆಂದು ತಿಳಿದು ಜಿಗಿಯಿತು. ಇಂದ್ರ ವಜ್ರಾಯುಧ ಎಸೆದ. ದವಡೆ ಮುರಿದು ಕೂಸು ಬೆಟ್ಟದ ಮೇಲೆ ಬಿತ್ತು. ‘ಹನು’ ಎಂದರೆ ದವಡೆ. ನಾವು ದಿನವೂ ಭಕ್ತಿಯಿಂದ ಕರೆಯುವ ಆ ಹೆಸರು ಒಂದು ಗಾಯದ ಗುರುತು. ಮಗ ಬಿದ್ದದ್ದನ್ನು ಕಂಡ ವಾಯು ಬೀಸುವುದನ್ನೇ ನಿಲ್ಲಿಸಿದ. ಮೂರು ಲೋಕಕ್ಕೂ ಉಸಿರು ಕಟ್ಟಿತು. ದೇವತೆಗಳು ಬಂದು ತಂದೆಯನ್ನು ಸಮಾಧಾನಪಡಿಸಬೇಕಾಯಿತು. ಯಾವ ಆಯುಧವೂ ಇವನನ್ನು ಕೊಲ್ಲದಿರಲಿ ಎಂದು ಬ್ರಹ್ಮ ವರ ಕೊಟ್ಟ. ಹೊಡೆದ ಇಂದ್ರನೇ, ಇವನು ತಾನಾಗಿ ಬಯಸಿದಾಗ ಮಾತ್ರ ಇವನಿಗೆ ಸಾವು ಬರಲಿ ಎಂದ. ಹನುಮ ಆ ವರಗಳಿಗಾಗಿ ತಪಸ್ಸು ಮಾಡಲಿಲ್ಲ, ಯಾರನ್ನೂ ಬೇಡಲಿಲ್ಲ. ಮಗನಿಗಾಗಿ ಸಂಕಟಪಟ್ಟ ತಂದೆಯೊಬ್ಬನೊಡನೆ ದೇವಲೋಕ ಮಾಡಿಕೊಂಡ ರಾಜಿಯಿಂದ ಅವು ಅವನಿಗೆ ಬಂದವು.

ಅಲ್ಲಿಗೇ ಮುಗಿಯಲಿಲ್ಲ. ವರ ಪಡೆದ ಹುಡುಗ ಆಶ್ರಮಗಳಲ್ಲಿ ದಾಂಧಲೆ ಎಬ್ಬಿಸಿದ. ಋಷಿಗಳು, ನಿನ್ನ ಬಲ ನಿನಗೇ ಮರೆತುಹೋಗಲಿ, ಇನ್ನೊಬ್ಬರು ನೆನಪಿಸಿದಾಗ ಮಾತ್ರ ಮರಳಲಿ ಎಂದು ಶಪಿಸಿದರು. ಸಮುದ್ರದ ದಡದಲ್ಲಿ ಕಪಿಗಳೆಲ್ಲ ಸೋತು ಕುಳಿತಿದ್ದಾಗ ಜಾಂಬವಂತ ಎದ್ದು ಬಂದು ಅವನ ಹುಟ್ಟಿನ ಕಥೆಯನ್ನೇ ಅವನಿಗೆ ಹೇಳುತ್ತಾನೆ. ಹುಟ್ಟಿನ ಕಥೆ ಕೇಳಿದ ಮೇಲೆಯೇ ಅವನು ಬೆಳೆಯುತ್ತಾನೆ. ಆ ಸನ್ನಿವೇಶವನ್ನು ಇನ್ನೊಮ್ಮೆ ಓದಿ. ನಿಮ್ಮ ತಂಗಿಯ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಉತ್ತರಕಾಂಡದಲ್ಲಿ ಕೊನೆಗೊಂದು ಗಂಟು ಬೀಳುತ್ತದೆ. ರಾಮ ಹೊರಡುವಾಗ ಹನುಮನಿಗೆ, ಲೋಕದಲ್ಲಿ ನನ್ನ ಕಥೆ ನಡೆಯುವವರೆಗೂ ನೀನಿರು ಎಂದು ಹೇಳಿ ಹೋಗುತ್ತಾನೆ. ಎಂಥ ಕರಾರು ನೋಡಿ! ಸಾವಿಲ್ಲದವನ ಆಯುಷ್ಯ ಸಾಯುವವರ ಬಾಯಿಯಲ್ಲಿ ನಿಂತಿತು. ನಾನು ಹುಡುಗನಾಗಿದ್ದಾಗ ಊರಿಗೆ ತೊಗಲು ಗೊಂಬೆಯವರು ಬರುತ್ತಿದ್ದರು. ಬಿಳಿಯ ಪರದೆಯ ಹಿಂದೆ ದೀಪ ಹೊತ್ತಿ, ಕೆಂಪು ಹಸಿರು ಬಣ್ಣದ ಹನುಮ ಬಾಲ ಎತ್ತಿ ನಿಂತರೆ ನಾವು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಹರಿದು ಹಳೆಯದಾದ ಗೊಂಬೆಯನ್ನು ಕಸಕ್ಕೆ ಎಸೆಯದೆ ಹೊಳೆಗೆ ಬಿಡುವ ರೂಢಿ ಆ ಕಲಾವಿದರಲ್ಲಿದೆ. ಒಂದು ಗೊಂಬೆ ಹೋದರೆ ಇನ್ನೊಂದು ಬರುತ್ತದೆ, ಹನುಮ ಮಾತ್ರ ಹೋಗುವುದಿಲ್ಲ. ನಮ್ಮ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನನಗೆ ಮೊದಲು ನೆನಪಾದದ್ದು ರಾಮನ ಈ ಮಾತೇ. ಒಂದು ಇಡೀ ಬಾಳನ್ನು ಗೊಂಬೆ ಆಡಿಸುತ್ತಲೇ ಕಳೆದ ಆ ತಾಯಿ ಆ ಕರಾರನ್ನು ನಡೆಸಿಕೊಟ್ಟವರಲ್ಲಿ ಒಬ್ಬರು.

ನಿಮ್ಮ ಗಾಳಿಯ ಅಮರಳಿಗೆ ಇಂಥದ್ದೇನೂ ಇಲ್ಲ. ಅವಳು ಬೀಸುತ್ತಾಳೆ, ಮರ ಕೀಳುತ್ತಾಳೆ, ಅಷ್ಟೇ. ಅವಳಿಗೆ ಯಾರ ಹಂಗೂ ಇಲ್ಲ, ಯಾರ ಮೇಲೂ ಸಿಟ್ಟಿಲ್ಲ. ಹಾಗಾಗಿ ಅವಳನ್ನು ಓದುವಾಗ ನನಗೆ ಭಯವೂ ಆಗಲಿಲ್ಲ, ಪ್ರೀತಿಯೂ ಹುಟ್ಟಲಿಲ್ಲ.

ರಾಹುವಿನ ಕಥೆ ನಿಮಗೆ ಗೊತ್ತಿರುವುದರಿಂದ ಬೇಗ ಹೇಳಿ ಮುಂದೆ ಹೋಗುತ್ತೇನೆ. ಅಮೃತ ಹಂಚುವಾಗ ದೇವತೆಗಳ ಸಾಲಿನಲ್ಲಿ ಕದ್ದು ಕುಳಿತ. ಸೂರ್ಯ ಚಂದ್ರರು ತೋರಿಸಿಕೊಟ್ಟರು. ಅಮೃತ ಗಂಟಲಿಗೆ ಇಳಿಯುವಷ್ಟರಲ್ಲಿ ಚಕ್ರ ಬಂದು ಕತ್ತು ಕತ್ತರಿಸಿತು. ತಲೆ ಅಮರವಾಯಿತು. ಅಂದಿನಿಂದ ಅವನು ಸೂರ್ಯ ಚಂದ್ರರನ್ನು ನುಂಗುತ್ತಾನೆ, ಕತ್ತಿನ ಕೆಳಗೆ ಹೊಟ್ಟೆಯಿಲ್ಲದ ಕಾರಣ ಅವರು ಹೊರಗೆ ಬರುತ್ತಾರೆ. ಅವನ ಶಕ್ತಿ, ಅವನ ಹಗೆ, ಅವನ ಸೋಲು ಮೂರೂ ಆ ಒಂದು ಗುಟುಕಿನಲ್ಲಿವೆ. ಬಲಿ ಚಕ್ರವರ್ತಿಯ ಅಮರತ್ವ ಕೊಟ್ಟ ಮಾತಿಗೆ ತಪ್ಪದೆ ನಡೆದದ್ದರಿಂದ ಬಂದದ್ದು, ಅವನು ಪಾತಾಳದಿಂದ ವರ್ಷಕ್ಕೊಮ್ಮೆ ದೀಪಾವಳಿಯ ಪಾಡ್ಯದಂದು ಮೇಲೆ ಬರುತ್ತಾನೆ. ಅಶ್ವತ್ಥಾಮನದು ಶಾಪ. ಹಣೆಯ ಮಣಿಯನ್ನು ಕಳೆದುಕೊಂಡು, ಕೀವು ನೆತ್ತರು ಸುರಿಸುತ್ತ, ಮಾತನಾಡಲು ಒಬ್ಬರೂ ಇಲ್ಲದೆ ಮೂರು ಸಾವಿರ ವರ್ಷ ಅಲೆಯಬೇಕು. ರಾಹುವನ್ನು ಬಿಟ್ಟು ಹನುಮ, ಬಲಿ, ಅಶ್ವತ್ಥಾಮ ಮೂವರನ್ನೂ ಒಂದೇ ಶ್ಲೋಕದಲ್ಲಿ ಚಿರಂಜೀವಿಗಳೆಂದು ಸ್ಮರಿಸುತ್ತೇವೆ. ಒಬ್ಬನಿಗೆ ವರವಾದದ್ದು ಇನ್ನೊಬ್ಬನಿಗೆ ದಂಡನೆ. ನಿಮ್ಮ ಒಂಬತ್ತು ಮಂದಿಯಲ್ಲಿ ಅಮರತ್ವ ಯಾರಿಗೆ ದಂಡನೆ?

ಈಗ ಕೊಪ್ಪಳಕ್ಕೆ ಬರುತ್ತೇನೆ. ನೀವು ಬಸ್ಸಿನಲ್ಲಿ ಹಾದುಹೋಗುವ ಈ ಊರು ಹಿಂದೆ ಕೋಪಣ, ಜೈನರ ದೊಡ್ಡ ತೀರ್ಥ. ‘ಕವಿರಾಜಮಾರ್ಗ’ದಲ್ಲಿ ಇದರ ಹೆಸರಿದೆ. ಇಲ್ಲಿನ ಬೆಟ್ಟಗಳಿಗೆ ಜನ ಸಲ್ಲೇಖನ ವ್ರತ ಹಿಡಿದು, ಆಹಾರ ತೊರೆದು, ಶಾಂತರಾಗಿ ದೇಹ ಬಿಡಲು ಬರುತ್ತಿದ್ದರು. ಅಂಥವರಲ್ಲಿ ಕೆಲವರು ದೇವರಾಗಿ ಹುಟ್ಟುತ್ತಾರೆ ಎಂದು ಜೈನ ಪುರಾಣಗಳು ಹೇಳುತ್ತವೆ. ಆ ಹುಟ್ಟಿನ ವಿವರ ನಿಮ್ಮಂಥ ಬರಹಗಾರರಿಗೆ ಬಂಗಾರ. ದೇವರಿಗೆ ಗರ್ಭವಾಸವಿಲ್ಲ, ಬಾಲ್ಯವಿಲ್ಲ. ಸ್ವರ್ಗದ ಹಾಸಿಗೆಯ ಮೇಲೆ ತುಂಬು ಹರೆಯದ ದೇಹದೊಡನೆ ಎದ್ದು ಕೂರುತ್ತಾರೆ. ಇದನ್ನು ಉಪಪಾದ ಜನ್ಮ ಎನ್ನುತ್ತಾರೆ. ಅವರ ದೇಹ ವೈಕ್ರಿಯಕ, ಬೇಕಾದಂತೆ ಹಿಗ್ಗುತ್ತದೆ, ಕುಗ್ಗುತ್ತದೆ, ರೂಪ ಬದಲಿಸುತ್ತದೆ. ದೂರದ್ದನ್ನು ಕುಳಿತಲ್ಲೇ ತಿಳಿಯುವ ಅವಧಿಜ್ಞಾನ ಹುಟ್ಟಿನಿಂದಲೇ ಇರುತ್ತದೆ. ಸಾಗರೋಪಮವೆಂಬ, ನಮ್ಮ ಲೆಕ್ಕಕ್ಕೆ ನಿಲುಕದ ಕಾಲಮಾನದಲ್ಲಿ ಅವರ ಆಯುಷ್ಯವನ್ನು ಎಣಿಸುತ್ತಾರೆ.

ಇಷ್ಟೆಲ್ಲ ಇದ್ದೂ ಅವರಿಗೆ ಒಂದು ಸಾಧ್ಯವಿಲ್ಲ. ದೇವರು ವ್ರತ ಹಿಡಿಯಲಾರರು. ಉಪವಾಸವಿದ್ದು, ಆಸೆಯನ್ನು ಅಡಗಿಸಿ ಮೋಕ್ಷಕ್ಕೆ ಹೋಗುವ ದಾರಿ ಮನುಷ್ಯಜನ್ಮಕ್ಕೆ ಮಾತ್ರ ತೆರೆದಿದೆ. ದೇವನೂ ಒಂದು ದಿನ ಕೆಳಗಿಳಿದು, ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಅದನ್ನು ಮಾಡಬೇಕು. ಪಂಪ 941ರಲ್ಲಿ ಬರೆದ ‘ಆದಿಪುರಾಣ’ದಲ್ಲಿ ಲಲಿತಾಂಗನೆಂಬ ದೇವನಿದ್ದಾನೆ. ಹಿಂದಿನ ಜನ್ಮದಲ್ಲಿ ಮಹಾಬಲನೆಂಬ ಅರಸನಾಗಿ ಸಲ್ಲೇಖನದಿಂದ ದೇಹ ಬಿಟ್ಟವನು. ಸ್ವರ್ಗದಲ್ಲಿ ಸ್ವಯಂಪ್ರಭೆಯೊಡನೆ ಸುಖವಾಗಿದ್ದಾನೆ. ಒಂದು ದಿನ ಅವನ ಕೊರಳ ಮಾಲೆ ಬಾಡತೊಡಗುತ್ತದೆ, ಅವನ ಕಾಲ ಮುಗಿಯುತ್ತ ಬಂದಿದೆ. ಕೋಟಿಗಟ್ಟಲೆ ವರ್ಷ ಬಾಡದಿದ್ದ ಹೂವು ಬಾಡಿದ್ದನ್ನು ನೋಡಿದ ಆ ದೇವನ ದುಃಖವನ್ನು ಓದುವಾಗ ನನ್ನ ಕಣ್ಣು ಪ್ರತಿ ಸಲವೂ ಒದ್ದೆಯಾಗುತ್ತದೆ. ನಮ್ಮ ಮನೆಯಲ್ಲಿ ಸಂಜೆ ಬಾಡುವ ಮಲ್ಲಿಗೆಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ನಾವು ಅದಕ್ಕೆ ಒಗ್ಗಿಹೋದವರು. ಒಗ್ಗದವನಿಗೆ ಅದು ಲೋಕವೇ ಕುಸಿದಂತೆ.

ದಮಯಂತಿಯ ಸ್ವಯಂವರವನ್ನೂ ಇದರ ಜೊತೆ ಇಟ್ಟು ನೋಡಿ. ನಾಲ್ವರು ದೇವತೆಗಳು ನಳನ ರೂಪದಲ್ಲೇ ಬಂದು ನಿಂತಿದ್ದಾರೆ. ಅವಳು ಗುರುತು ಹಿಡಿದದ್ದು ಹೇಗೆ? ದೇವತೆಗಳು ಬೆವರುವುದಿಲ್ಲ, ರೆಪ್ಪೆ ಮಿಟುಕಿಸುವುದಿಲ್ಲ, ಅವರ ಮೇಲೆ ಧೂಳು ಕೂರುವುದಿಲ್ಲ, ಪಾದ ನೆಲಕ್ಕೆ ತಾಗುವುದಿಲ್ಲ, ನೆರಳು ಬೀಳುವುದಿಲ್ಲ. ಬಾಡಿದ ಹೂಮಾಲೆ ತೊಟ್ಟು, ಬೆವರಿ, ಧೂಳು ಹಿಡಿದು, ನೆರಳು ಚೆಲ್ಲಿ ನಿಂತವನ ಕೊರಳಿಗೆ ಅವಳು ಮಾಲೆ ಹಾಕುತ್ತಾಳೆ. ನಮ್ಮ ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಹುಟ್ಟಿ ಬೆಳೆದವರಿಗೆ ಈ ಸನ್ನಿವೇಶ ಇನ್ನಷ್ಟು ಹತ್ತಿರ. ನಿಮ್ಮ ಅಮರರಲ್ಲಿ ಒಬ್ಬನನ್ನು ಮೇ ತಿಂಗಳ ಮಧ್ಯಾಹ್ನ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ನಿಲ್ಲಿಸಿ ನೋಡಿ. ಸುತ್ತಲಿನವರೆಲ್ಲ ಟವಲಿನಿಂದ ಮುಖ ಒರೆಸಿಕೊಳ್ಳುವಾಗ ಅವನ ಹಣೆ ಒಣಗಿಯೇ ಇದೆ. ಹತ್ತು ಪುಟದ ವರ್ಣನೆಗಿಂತ ಅದು ಹೆಚ್ಚು ಹೇಳುತ್ತದೆ.

ನೀವು ಬಹಳ ಇಷ್ಟಪಟ್ಟು ಬರೆದಿರುವ, ಕತ್ತಿ ನಾಟದ ಮೈಯ ನಾಲ್ಕನೆಯ ಅಮರನ ಬಗ್ಗೆ ಒಂದು ಮಾತು. ‘ಶೂನ್ಯಸಂಪಾದನೆ’ಯಲ್ಲಿ ಗೋರಕ್ಷ ಅಲ್ಲಮಪ್ರಭುಗಳ ಎದುರು ಬರುತ್ತಾನೆ. ಸಿದ್ಧಿಯಿಂದ ದೇಹವನ್ನು ವಜ್ರ ಮಾಡಿಕೊಂಡವನು. ಬೇಕಾದರೆ ಹೊಡೆದು ನೋಡು ಎಂದು ಕತ್ತಿ ಕೊಡುತ್ತಾನೆ. ಪ್ರಭು ಹೊಡೆದರೆ ಖಣಿಲೆಂದು ಸದ್ದಾಗುತ್ತದೆ, ಮೈಗೆ ಗೀರೂ ಬೀಳುವುದಿಲ್ಲ. ಈಗ ನೀನು ನನ್ನನ್ನು ಹೊಡೆ ಎನ್ನುತ್ತಾರೆ ಪ್ರಭು. ಗೋರಕ್ಷ ಬೀಸಿದ ಕತ್ತಿ ಬಯಲಿನಲ್ಲಿ ಬೀಸಿದಂತೆ ಸದ್ದಿಲ್ಲದೆ ಹಾದುಹೋಗುತ್ತದೆ. ಕಲ್ಲಿನಂತೆ ಉಳಿಯುವುದೇ ಅಮರತ್ವವೆಂದು ನಂಬಿದ್ದ ಗೋರಕ್ಷ ಅಲ್ಲೇ ಶರಣಾಗುತ್ತಾನೆ. ಸಾವಿಲ್ಲದವನನ್ನು ಕೊಲ್ಲದೆಯೂ ಸೋಲಿಸಬಹುದು ಎಂದು ಆ ಪ್ರಸಂಗವನ್ನು ಓದಿಯೇ ನಾನು ಕಲಿತೆ. ಹಿರಣ್ಯಕಶಿಪುವಿನ ಹೊಸ್ತಿಲು, ಮುಸ್ಸಂಜೆಯಂಥ ಕರಾರಿನ ಸಂದುಗಳು ಚೆನ್ನಾಗಿಯೇ ಇವೆ, ಆದರೆ ಎಲ್ಲರೂ ಅವುಗಳನ್ನೇ ಬಳಸುತ್ತಾರೆ. ನೀವು ಅಲ್ಲಮರ ದಾರಿಯನ್ನು ಯೋಚಿಸಿ.

ಅಮರರು ಎಲ್ಲಿರುತ್ತಾರೆ ಎಂಬುದನ್ನೂ ನೀವು ಬರೆದಿಲ್ಲ. ನಮ್ಮ ಸೀಮೆಯ ನೆಲವನ್ನು ಒಮ್ಮೆ ನೋಡಿಕೊಳ್ಳಿ. ನಿಮ್ಮದೇ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಬಂಡೆಗಳ ಚಪ್ಪಡಿಯಿಂದ ಕಟ್ಟಿದ ನೂರಾರು ಪುಟ್ಟ ಕಲ್ಮನೆಗಳಿವೆ. ಅವು ಕಬ್ಬಿಣಯುಗದ ಜನರ ಶವಸಂಸ್ಕಾರದ ಕಟ್ಟಡಗಳೆಂದು ಪುರಾತತ್ತ್ವಜ್ಞರು ಹೇಳುತ್ತಾರೆ. ಜನ ಮಾತ್ರ ಮೋರೇರೆಂಬ ಕುಳ್ಳರು ಅಲ್ಲಿ ವಾಸವಿದ್ದರು ಎನ್ನುತ್ತಾರೆ. ಬಡಿದರೆ ದನಿ ಕೊಡುವ ಕಲ್ಲಿನ ನಗಾರಿಯೂ ಆ ಗುಡ್ಡದಲ್ಲಿದೆ. ಹಂಪಿ ಬಳಿಯ ನಿಂಬಾಪುರದ ಬೂದಿದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗವೆನ್ನುತ್ತಾರೆ. ಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಬಿಟ್ಟ ಬೂದಿ ಅದು ಎಂದು ಸಂಶೋಧನೆ ತಿಳಿಸುತ್ತದೆ. ಎರಡನ್ನೂ ತಿಳಿದುಕೊಳ್ಳಿ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ರಾಯಚೂರು ಜಿಲ್ಲೆಯ ಮಸ್ಕಿಗೂ ಒಮ್ಮೆ ಹೋಗಿ ಬನ್ನಿ. 1915ರಲ್ಲಿ ಅಲ್ಲಿ ಸಿಕ್ಕ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬುದರ ಜೊತೆಗೆ ಅಶೋಕನ ಹೆಸರೇ ಇದೆ ಎಂಬುದು ಎಲ್ಲರಿಗೂ ಗೊತ್ತು. ಅದರಲ್ಲಿನ ಇನ್ನೊಂದು ಮಾತನ್ನು ಹೆಚ್ಚು ಜನ ಗಮನಿಸುವುದಿಲ್ಲ. ಜಂಬೂದ್ವೀಪದಲ್ಲಿ ಮೊದಲು ಮನುಷ್ಯರೊಡನೆ ಬೆರೆಯದಿದ್ದ ದೇವರು ಈಗ ಬೆರೆತಿದ್ದಾರೆ ಎಂದು ಆ ಬಂಡೆ ಹೇಳುತ್ತದೆ. ದೊಡ್ಡವರಿಗಷ್ಟೇ ಅಲ್ಲ, ಧರ್ಮದಲ್ಲಿ ತೊಡಗಿದ ಸಣ್ಣವರಿಗೂ ಇದು ದಕ್ಕುತ್ತದೆ ಎಂದೂ ಹೇಳುತ್ತದೆ. ಆ ಸಾಲಿನ ಅರ್ಥದ ಬಗ್ಗೆ ವಿದ್ವಾಂಸರು ಬಹಳ ಚರ್ಚಿಸಿದ್ದಾರೆ. ನಿಮಗಂತೂ ಅದರಲ್ಲೊಂದು ಇಡೀ ಕಾದಂಬರಿ ಸಿಗಬಹುದು.

ಇನ್ನು ನಿಮ್ಮ ಏಳನೆಯವಳು. ಕೋಷ್ಟಕದಲ್ಲಿ ಉಳಿದ ಎಂಟು ಮಂದಿಗೆ ಅರ್ಧರ್ಧ ಪುಟ ಕೊಟ್ಟು, ಇವಳಿಗೆ ಒಂದೇ ಸಾಲು ಬರೆದಿದ್ದೀರಿ: “ನೀರಿನಲ್ಲಿ ಇರುತ್ತಾಳೆ, ಯಾರೊಡನೆಯೂ ಮಾತನಾಡುವುದಿಲ್ಲ.” ಶಕ್ತಿಯ ಕಾಲಂ ಖಾಲಿ ಇದೆ. ಇಡೀ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವಳು ಇವಳೊಬ್ಬಳೇ. ಯಾಕೆ ಮಾತನಾಡುವುದಿಲ್ಲ? 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದಾಗ ಎಷ್ಟೋ ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು. ಜನ ಗಾಡಿ ಕಟ್ಟಿಕೊಂಡು ಬೇರೆಡೆಗೆ ಹೋದರು. ಅವರ ಬೆವರಿನಿಂದ ತುಂಬಿದ ಆ ನೀರೇ ಇಂದು ನಿಮ್ಮ ಊರಿನ ಭತ್ತದ ಗದ್ದೆಗೆ ಹರಿಯುತ್ತಿದೆ. ನಿಮ್ಮ ಕಲ್ಪನೆಯ ಲೋಕದಲ್ಲೂ ಹಾಗೊಂದು ಊರು ಮುಳುಗಿರಲಿ, ಎಲ್ಲರೂ ಎದ್ದು ಹೋದ ಮೇಲೆ ಒಬ್ಬಳು ಅಲ್ಲೇ ಉಳಿದಿರಲಿ. ಅವಳನ್ನು ಹೆತ್ತವರು ಯಾರು, ಅವಳನ್ನು ಬಿಟ್ಟು ಹೋದವರು ಯಾರು ಎಂದು ಬರೆಯಲು ಕುಳಿತರೆ ಖಾಲಿ ಕಾಲಂ ತಾನಾಗಿ ತುಂಬುತ್ತದೆ.

ನೋಟುಪುಸ್ತಕದ ಪ್ರತಿಯನ್ನು ಅಂಚೆಯಲ್ಲಿ ಮರಳಿ ಕಳುಹಿಸಿದ್ದೇನೆ. ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ, ಒಪ್ಪದ್ದನ್ನು ಅಳಿಸಿಬಿಡಿ. ಏಳನೆಯವಳ ಅಧ್ಯಾಯ ಮುಗಿದಾಗ ಮೊದಲು ನಿಮ್ಮ ತಂಗಿಗೆ ಓದಿ ಹೇಳಿ, ಅವಳು ಏನು ಕೇಳಿದಳೆಂದು ನನಗೆ ಬರೆಯಿರಿ. ಅಧ್ಯಾಯವನ್ನೂ ಜೊತೆಗಿಡಿ.

— ಸಂಪಾದಕ