ಕ್ಯಾರವಾನ್ ಎಳೆಯೋಕೆ ಯಾವ ಗಾಡಿ? ಮೊದಲು ತೂಕ ಹೇಳಿ

ಪ್ರಶ್ನೆ: ಮುಂದಿನ ವರ್ಷ ನನಗೆ ನಿವೃತ್ತಿ. ಮಕ್ಕಳಿಬ್ಬರೂ ಅವರವರ ಪಾಡಿಗೆ ನೆಲೆ ನಿಂತಿದ್ದಾರೆ. ಫ್ಲಾಟ್ ಬಾಡಿಗೆಗೆ ಕೊಟ್ಟು, ಒಂದು ಸಣ್ಣ ಕ್ಯಾರವಾನ್ ತಗೊಂಡು, ಗಂಡ ಹೆಂಡತಿ ಇಬ್ಬರೂ ಒಂದೆರಡು ವರ್ಷ ಅದರಲ್ಲೇ ಇದ್ದು ಊರೂರು ಸುತ್ತಬೇಕು ಅಂತ ಆಸೆ. ಎಳೆಯೋಕೆ ಫಾರ್ಚೂನರ್, ಸ್ಕಾರ್ಪಿಯೋ-ಎನ್, ಇಸುಜು ವಿ-ಕ್ರಾಸ್, ಈ ಮೂರರಲ್ಲಿ ಯಾವುದು ಒಳ್ಳೆಯದು? ಶೋರೂಮ್‌ನವರನ್ನು ಕೇಳಿದರೆ ಎಲ್ಲವೂ ಆರಾಮಾಗಿ ಎಳೆಯುತ್ತೆ ಅಂತಾರೆ. — ಓದುಗರು, ಕೋಥ್ರೂಡ್, ಪುಣೆ

ಉತ್ತರ: ಶೋರೂಮ್‌ನವರು ಹೇಳಿದ್ದು ಸುಳ್ಳಲ್ಲ. ಮೂರೂ ಎಳೆಯುತ್ತವೆ. ಆದರೆ ನೀವು ಕೇಳಬೇಕಾದ್ದು ಬೇರೆ. ಆಂಬೋಲಿ ಘಾಟ್ ಇಳಿಯುತ್ತಿದ್ದೀರಿ, ಮಳೆ ಬಂದು ರಸ್ತೆ ಒದ್ದೆಯಾಗಿದೆ, ಹಿಂದಿನಿಂದ ಒಂದೂಕಾಲು ಟನ್ ತಳ್ಳುತ್ತಿದೆ, ತಿರುವಿನಲ್ಲಿ ಎದುರಿಗೆ ಬಸ್ ಬಂತು. ಆಗ ಗಾಡಿ ನಿಲ್ಲುತ್ತಾ, ನೇರ ಇರುತ್ತಾ? ಇದಕ್ಕೆ ಉತ್ತರ ಬೇಕಾದರೆ ಮೊದಲು ಕ್ಯಾರವಾನ್ ಗೊತ್ತಾಗಬೇಕು. ಗಾಡಿ ಆಮೇಲೆ. ನೀವು ಮೂರು ಗಾಡಿಯ ಹೆಸರು ಬರೆದಿದ್ದೀರಿ, ಕ್ಯಾರವಾನ್ ತೂಕ ಮಾತ್ರ ಬರೆದಿಲ್ಲ.

ತೂಕ ಅಂದರೆ ಬ್ರೋಶರ್‌ನಲ್ಲಿರುವ ಖಾಲಿ ತೂಕ ಅಲ್ಲ, ನೀವು ಮನೆ ಬಿಟ್ಟು ಹೊರಡುವ ದಿನದ ತೂಕ. ವಾರಾಂತ್ಯಕ್ಕೆ ಲೋಣಾವಳಾಗೆ ಹೋಗಿ ಬರುವವರ ಸಾಮಾನು ಬೇರೆ, ವರ್ಷವಿಡೀ ಅದರಲ್ಲೇ ಸಂಸಾರ ಮಾಡುವವರ ಸಾಮಾನು ಬೇರೆ. 80 ಲೀಟರ್ ನೀರು ಅಂದರೆ 80 ಕೆಜಿ. ಗ್ಯಾಸ್ ಸಿಲಿಂಡರ್ ಮೇಲೆ 14.2 ಕೆಜಿ ಅಂತ ಇದ್ದರೂ ಅದು ಒಳಗಿನ ಗ್ಯಾಸಿನ ತೂಕ, ಸಿಲಿಂಡರ್ ಸೇರಿಸಿದರೆ ಹತ್ತಿರ ಹತ್ತಿರ 30 ಕೆಜಿ. ಅದರ ಮೇಲೆ ಬ್ಯಾಟರಿ, ಹಾಸಿಗೆ, ಕುಕ್ಕರ್, ಮಿಕ್ಸಿ, ಅಕ್ಕಿ-ಬೇಳೆ, ಚಳಿಗಾಲದ ಬಟ್ಟೆ, ಮಡಚುವ ಕುರ್ಚಿ, ದೇವರ ಫೋಟೋ. 1,000 ಕೆಜಿಯ ಖಾಲಿ ಕ್ಯಾರವಾನ್ ನೋಡ್ತಾ ನೋಡ್ತಾ 1,300 ಆಗುತ್ತೆ. ಅಂದಾಜಿನ ಮೇಲೆ ಹೋಗಬೇಡಿ. ಎಲ್ಲ ತುಂಬಿಸಿ, ಚಾಕಣ್ ಅಥವಾ ಭೋಸರಿ ಕಡೆ ಲಾರಿ ತೂಕ ಹಾಕುವ ವೇಬ್ರಿಡ್ಜ್‌ಗೆ ಒಯ್ದು ಚೀಟಿ ತಗೊಳ್ಳಿ.

ಆ ಚೀಟಿ ಕೈಗೆ ಬಂದಮೇಲೆ ಲೆಕ್ಕ ಸುಲಭ. ಹೊಸದಾಗಿ ಕ್ಯಾರವಾನ್ ಎಳೆಯುವವರಿಗೆ ಬ್ರಿಟನ್ನಿನಲ್ಲಿ ಒಂದು ಮಾತು ಹೇಳುತ್ತಾರೆ: ತುಂಬಿದ ಕ್ಯಾರವಾನ್ ತೂಕ, ಎಳೆಯುವ ಗಾಡಿಯ ಸ್ವಂತ ತೂಕದ ಶೇ. 85 ದಾಟಬಾರದು. ಅದು ಕಾನೂನಲ್ಲ, ರೂಢಿ. ಆದರೆ ಒಳ್ಳೆಯ ರೂಢಿ, ನಮ್ಮ ರಸ್ತೆಗಳಿಗೆ ಇನ್ನೂ ಜಾಸ್ತಿ ಬೇಕಾದ್ದು. ನಿಮ್ಮ ಪಟ್ಟಿಯ ಮೂರೂ ಗಾಡಿಗಳು ಹೆಚ್ಚು ಕಡಿಮೆ 2 ಟನ್ ಆಸುಪಾಸಿನವು, ಹಾಗಾಗಿ 1,300 ಕೆಜಿಗೆ ಮೂರೂ ಪಾಸಾಗುತ್ತವೆ. ಮೂರಕ್ಕೂ ಲ್ಯಾಡರ್ ಫ್ರೇಮ್ ಚಾಸಿ ಇದೆ, ಅಂದರೆ ಬಾಡಿಯ ಕೆಳಗೆ ಏಣಿಯಂಥ ಗಟ್ಟಿ ಉಕ್ಕಿನ ಚೌಕಟ್ಟು. ಹಿಚ್, ಅಂದರೆ ಕ್ಯಾರವಾನ್ ಕಟ್ಟುವ ಕೊಂಡಿಯನ್ನು, ಆ ಚಾಸಿಗೇ ಬೋಲ್ಟ್ ಹಾಕಿ ಕೂರಿಸಬೇಕು. ಬಂಪರ್‌ಗೆ ವೆಲ್ಡ್ ಮಾಡಿಕೊಡುತ್ತೇನೆ ಅನ್ನುವ ಗ್ಯಾರೇಜ್‌ನಿಂದ ಗಾಡಿ ತಿರುಗಿಸಿಕೊಂಡು ಬಂದುಬಿಡಿ.

ಇನ್ನೊಂದು ಮುಖ್ಯ ಮಾತು. ಒಂದೇ ಹೆಸರಿನ ಗಾಡಿಗೆ ಬೇರೆ ದೇಶದಲ್ಲಿ ಬೇರೆ ಎಳೆಯುವ ಮಿತಿ ಇರುತ್ತದೆ. ನೆಟ್ಟಿನಲ್ಲಿ ಓದಿದ ಆಸ್ಟ್ರೇಲಿಯಾದ ಅಂಕಿ ಇಲ್ಲಿ ನಡೆಯೋದಿಲ್ಲ. ಭಾರತದ ಮಾಡೆಲ್‌ನ ಓನರ್ಸ್ ಮ್ಯಾನುಯಲ್‌ನಲ್ಲಿ ಟ್ರೇಲರ್ ಬಗ್ಗೆ ಏನು ಬರೆದಿದೆ ನೋಡಿ. ಬರೆದಿಲ್ಲ ಅಂದರೆ ಕಂಪನಿಗೆ ಇಮೇಲ್ ಹಾಕಿ, ಬ್ರೇಕ್ ಇರುವ ಟ್ರೇಲರ್‌ಗೆ ಎಷ್ಟು ಕೆಜಿ, ಹಿಚ್ ಮೇಲೆ ಎಷ್ಟು ಕೆಜಿ ಅಂತ ಬರಹದಲ್ಲಿ ತರಿಸಿಕೊಳ್ಳಿ. ಅದು ಬರುವವರೆಗೆ ಬುಕಿಂಗ್ ಬೇಡ. ವಾರಂಟಿಗೂ ಬೇಕು, ನಾಳೆ ಇನ್ಶೂರೆನ್ಸ್‌ನವರು ಕೇಳಿದರೆ ಅವರಿಗೂ ಬೇಕು.

ಈಗ ನಿಮ್ಮ ಮೂರು ಗಾಡಿಗೆ ಬರೋಣ. ಫಾರ್ಚೂನರ್ ಆಟೋಮ್ಯಾಟಿಕ್ ಡೀಸೆಲ್‌ಗೆ 500 ಎನ್‌ಎಂ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ), ಸ್ಕಾರ್ಪಿಯೋ-ಎನ್ ಆಟೋಮ್ಯಾಟಿಕ್ ಡೀಸೆಲ್‌ಗೆ 400, ವಿ-ಕ್ರಾಸ್‌ಗೆ 360. ಕಾಗದದ ಮೇಲೆ ಫಾರ್ಚೂನರ್ ಗೆದ್ದಿತು. ಆದರೆ ಬಾಲ ಕಟ್ಟಿಕೊಂಡ ಗಾಡಿ ಅಲುಗಾಡದೆ ಹೋಗಬೇಕಾದರೆ ವೀಲ್‌ಬೇಸ್ ಉದ್ದ ಇರಬೇಕು, ಅಂದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ದೂರ. ಫಾರ್ಚೂನರ್‌ಗೆ 2,745 ಮಿಮೀ, ಸ್ಕಾರ್ಪಿಯೋ-ಎನ್‌ಗೆ 2,750, ವಿ-ಕ್ರಾಸ್‌ಗೆ 3,095. ನೀವು ಬರೆಯದ ಟೊಯೊಟಾ ಹೈಲಕ್ಸ್‌ಗೆ 3,085, ಎಂಜಿನ್ ಫಾರ್ಚೂನರ್‌ದೇ. ವಿ-ಕ್ರಾಸ್, ಹೈಲಕ್ಸ್ ಎರಡೂ ಪಿಕಪ್. ಪಿಕಪ್‌ನ ಇನ್ನೊಂದು ಲಾಭ ಹಿಂದಿನ ತೆರೆದ ತೊಟ್ಟಿ. ಗ್ಯಾಸ್, ಒದ್ದೆ ಚಾಪೆ, ಕೆಸರು ಬೂಟು ಎಲ್ಲ ಅಲ್ಲಿ ಹೋಗುತ್ತೆ, ಮಲಗುವ ಜಾಗದಲ್ಲಿ ವಾಸನೆ ಇರಲ್ಲ.

ನನ್ನ ಮಾತು ಕೇಳುವುದಾದರೆ, ತುಂಬಿದ ಕ್ಯಾರವಾನ್ 1,200 ಕೆಜಿ ಒಳಗೆ ಇಟ್ಟುಕೊಳ್ಳಿ, ಸ್ಕಾರ್ಪಿಯೋ-ಎನ್ ಫೋರ್‌ವೀಲ್ ಡ್ರೈವ್ ಆಟೋಮ್ಯಾಟಿಕ್ ತಗೊಳ್ಳಿ. ಸಣ್ಣ ಊರಲ್ಲೂ ಸರ್ವಿಸ್ ಸಿಗುತ್ತೆ, ವರ್ಷವಿಡೀ ರಸ್ತೆ ಮೇಲೆ ಇರುವವರಿಗೆ ಅದು ಕುದುರೆಶಕ್ತಿಗಿಂತ ದೊಡ್ಡದು. ಉಳಿದ ದುಡ್ಡು ಡೀಸೆಲ್‌ಗೆ ಇರಲಿ, ಯಾಕೆಂದರೆ ಕ್ಯಾರವಾನ್ ಕಟ್ಟಿದಾಗ ಈಗಿನ ಖರ್ಚಿನ ಒಂದೂವರೆ ಪಟ್ಟು ಇಟ್ಟುಕೊಂಡೇ ಬಜೆಟ್ ಮಾಡಬೇಕು. ಅದಕ್ಕಿಂತ ಭಾರದ ಕ್ಯಾರವಾನ್ ಬೇಕೇ ಬೇಕು ಅಂದರೆ ಹೈಲಕ್ಸ್. ವಿ-ಕ್ರಾಸ್ ಒಳ್ಳೆಯ ಗಾಡಿ, ಆದರೆ ಅದರ ಸರ್ವಿಸ್ ಸೆಂಟರ್ ಕಡಿಮೆ. ಇಬ್ಬರೇ ಇರುವವರು ಮೂರನೇ ಸಾಲಿನ ಸೀಟಿಗೆ ದುಡ್ಡು ಕೊಟ್ಟು ಫಾರ್ಚೂನರ್ ಯಾಕೆ ತಗೋಬೇಕು ಅಂತ ನನಗೆ ಅನಿಸುತ್ತೆ.

ಆಟೋಮ್ಯಾಟಿಕ್ ಯಾಕೆ ಅಂದರೆ, ಏರಿನಲ್ಲಿ ನಿಂತು ಹೊರಡುವಾಗ, ಹಿಂದೆ ತೆಗೆಯುವಾಗ ಮ್ಯಾನುಯಲ್ ಗಾಡಿಯ ಕ್ಲಚ್ ಸುಟ್ಟು ಹೋಗುತ್ತೆ. ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್ ಅದನ್ನು ತಡೆದುಕೊಳ್ಳುತ್ತೆ. ಆದರೆ ಇಳಿಜಾರಿನಲ್ಲಿ ಡಿ ಮೇಲೆ ಬಿಟ್ಟು ಬ್ರೇಕ್ ಒತ್ತುತ್ತಾ ಬರಬೇಡಿ. ಘಾಟ್ ಶುರುವಾಗುವ ಮೊದಲೇ ಕೈಯಿಂದ ಕೆಳಗಿನ ಗೇರಿಗೆ ಇಳಿಸಿ, ಎಂಜಿನ್ನೇ ಹಿಡಿದುಕೊಳ್ಳಲಿ.

ಕ್ಯಾರವಾನ್‌ಗೆ ತನ್ನದೇ ಬ್ರೇಕ್ ಇರಲೇಬೇಕು. ಸಾಮಾನ್ಯವಾಗಿ ಇರೋದು ಓವರ್‌ರನ್ ಬ್ರೇಕ್. ನೀವು ಬ್ರೇಕ್ ಒತ್ತಿದಾಗ ಕ್ಯಾರವಾನ್ ಮುಂದಕ್ಕೆ ನುಗ್ಗುತ್ತೆ, ಹಿಚ್‌ಗೆ ಸಿಕ್ಕಿಸುವ ಅದರ ಮೂತಿ, ಅಂದರೆ ಕಪ್ಲರ್, ಒಳಗೆ ಸರಿಯುತ್ತೆ, ಆ ಒತ್ತಡದಿಂದಲೇ ಅದರ ಬ್ರೇಕ್ ಹಿಡಿಯುತ್ತೆ. ಎಲೆಕ್ಟ್ರಿಕ್ ಬ್ರೇಕ್ ಸಿಕ್ಕರೆ ಇನ್ನೂ ಒಳ್ಳೆಯದು, ಡ್ರೈವರ್ ಪಕ್ಕದಲ್ಲೇ ಅದರ ಕಂಟ್ರೋಲರ್ ಇರುತ್ತೆ.

ಹಿಚ್ ಮೇಲೆ ಬೀಳುವ ಭಾರವನ್ನು ಅಳೆಯೋದು ಕಲಿಯಿರಿ. ಒಟ್ಟು ತೂಕದ ಶೇ. 10ರ ಆಸುಪಾಸು ಇರಬೇಕು, ಗಾಡಿಯ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಮಿತಿಯೇ ಲೆಕ್ಕ. 1,200 ಕೆಜಿಗೆ 120 ಕೆಜಿ. ಮನೆಯಲ್ಲಿರುವ ತೂಕದ ಯಂತ್ರ ಅಷ್ಟು ತಡೆಯಲ್ಲ ಅಂದುಕೊಂಡರೆ ಹೀಗೆ ಮಾಡಿ: ಸಮತಟ್ಟು ಜಾಗದಲ್ಲಿ ಕ್ಯಾರವಾನ್ ಚಕ್ರಕ್ಕೆ ಕಲ್ಲು ಕೊಡಿ. ಗಟ್ಟಿ ಹಲಗೆಯ ಒಂದು ತುದಿ ಯಂತ್ರದ ಮೇಲೆ, ಇನ್ನೊಂದು ತುದಿ ಅಷ್ಟೇ ಎತ್ತರದ ಇಟ್ಟಿಗೆ ಮೇಲೆ. ಹಲಗೆಯ ಸರಿಯಾಗಿ ನಡುವೆ ಒಂದು ಮರದ ತುಂಡು ನಿಲ್ಲಿಸಿ ಅದರ ಮೇಲೆ ಕಪ್ಲರ್ ಇಳಿಸಿ, ಎತ್ತರ ಗಾಡಿಗೆ ಕಟ್ಟಿದಾಗ ಇರುವಷ್ಟೇ ಇರಲಿ. ಯಂತ್ರ ಅರ್ಧ ಭಾರ ತೋರಿಸುತ್ತೆ, ಎರಡರಿಂದ ಗುಣಿಸಿ, ಹಲಗೆ ಮತ್ತು ತುಂಡಿನ ತೂಕ ಕಳೆಯಿರಿ. ಕಡಿಮೆ ಬಂದರೆ ಹಿಂಭಾಗದಲ್ಲಿ ಸಾಮಾನು ಜಾಸ್ತಿ ಇದೆ ಅಂತ ಅರ್ಥ. ಹಿಂದೆ ಭಾರ ಜಾಸ್ತಿಯಾದ ಕ್ಯಾರವಾನೇ ವೇಗದಲ್ಲಿ ಅತ್ತಿತ್ತ ತೂಗಾಡೋದು. ಅಕ್ಕಿ ಚೀಲ, ನೀರಿನ ಟ್ಯಾಂಕ್, ಬ್ಯಾಟರಿ ಎಲ್ಲ ಚಕ್ರದ ಅಚ್ಚಿನ ಹತ್ತಿರ, ನೆಲಮಟ್ಟದಲ್ಲಿ. ಅಕಸ್ಮಾತ್ ತೂಗಾಡಿದರೆ ಗಟ್ಟಿಯಾಗಿ ಬ್ರೇಕ್ ಒತ್ತಬೇಡಿ, ಸ್ಟಿಯರಿಂಗ್ ತಿರುಗಿಸಿ ಸರಿಮಾಡಲು ಹೋಗಬೇಡಿ. ಸ್ಟಿಯರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಕ್ಯಾರವಾನ್ ನಮ್ಮ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್. ಅದಕ್ಕೆ ಬೇರೆ ನೋಂದಣಿ, ಬೇರೆ ನಂಬರ್. ಗೊತ್ತಿರುವ ಫ್ಯಾಬ್ರಿಕೇಟರ್ ಕೈಯಲ್ಲಿ ಚೆಂದ ಮಾಡಿಸಿಕೊಂಡು ಆಮೇಲೆ ಆರ್‌ಟಿಒಗೆ ಹೋದರೆ ಕೆಲಸ ಆಗಲ್ಲ, ಟೈಪ್ ಅಪ್ರೂವಲ್, ಅಂದರೆ ಆ ಮಾಡೆಲ್ ಅನ್ನು ಪರೀಕ್ಷಿಸಿ ಕೊಟ್ಟ ಒಪ್ಪಿಗೆ, ಇರುವ ತಯಾರಕರಿಂದಲೇ ತಗೊಳ್ಳಿ. ಅಪ್ರೂವಲ್ ಕೊಡುವ ಸಂಸ್ಥೆಗಳಲ್ಲಿ ಒಂದಾದ ಎಆರ್‌ಎಐ (ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ) ನಿಮ್ಮ ಕೋಥ್ರೂಡ್ ಗುಡ್ಡದ ಮೇಲೇ ಇದೆ, ಅಲ್ವಾ? ತಯಾರಕರು ತೋರಿಸುವ ಸರ್ಟಿಫಿಕೇಟ್ ಯಾವ ಸಂಸ್ಥೆಯದು, ಯಾವ ಮಾಡೆಲ್‌ಗೆ ಅಂತ ಓದಿ ನೋಡಿ. ಇನ್ನು, ಒಂದೇ ರಾಜ್ಯದಲ್ಲಿ 12 ತಿಂಗಳು ಮೀರಿ ಗಾಡಿ ಇಟ್ಟುಕೊಂಡರೆ ಅಲ್ಲಿನ ನಂಬರ್ ತಗೋಬೇಕಾಗುತ್ತೆ. ಸುತ್ತುತ್ತಾ ಇರುವವರಿಗೆ ಈ ತೊಂದರೆ ಇಲ್ಲ. ಯಾವಾಗ ಯಾವ ರಾಜ್ಯದಲ್ಲಿದ್ದಿರಿ ಅನ್ನೋದಕ್ಕೆ ಸಾಕ್ಷಿಯಾಗಿ ಟೋಲ್ ಕಟ್ಟಿದ ದಾಖಲೆಗಳನ್ನು ಮಾತ್ರ ಇಟ್ಟುಕೊಳ್ಳಿ.

ಪ್ರಶ್ನೆ: ನನ್ನ ತಮ್ಮ ಅಡಿಲೇಡ್‌ನಲ್ಲಿದ್ದಾನೆ. ಅಲ್ಲೇ ನಿವೃತ್ತನಾಗಿ, ಮನೆ ಮಾರಿ, ಕ್ಯಾರವಾನ್‌ನಲ್ಲಿ ಆಸ್ಟ್ರೇಲಿಯಾ ಸುತ್ತುತ್ತಾನಂತೆ. ಪಿಕಪ್ 3,500 ಕೆಜಿ ಎಳೆಯುತ್ತೆ, ಕ್ಯಾರವಾನ್ ಸರಿಯಾಗಿ 3,500 ಇದೆ, ಜೋಡಿ ಹೊಂದಿತು ಅಂತಾನೆ. ನನಗ್ಯಾಕೋ ಭಯ. — ಓದುಗರು, ಡೊಂಬಿವಲಿ

ಉತ್ತರ: ನಿಮ್ಮ ಭಯ ಸರಿಯಾಗಿಯೇ ಇದೆ. ಅಲ್ಲಿನ ಪಿಕಪ್‌ಗಳಿಗೆ 3,500 ಅಲ್ಲದೆ ಇನ್ನೂ ಎರಡು ಮಿತಿ ಇರುತ್ತವೆ. ಗಾಡಿ ತಾನು ಹೊರಬಹುದಾದ ಒಟ್ಟು ತೂಕ, ಅದು ಜಿವಿಎಂ. ಗಾಡಿ ಮತ್ತು ಕ್ಯಾರವಾನ್ ಎರಡೂ ಸೇರಿದ ತೂಕ, ಅದು ಜಿಸಿಎಂ. ಒಂದು ಪಿಕಪ್‌ನ ಖಾಲಿ ತೂಕ 2,100, ಜಿವಿಎಂ 3,050, ಜಿಸಿಎಂ 5,850 ಅಂದುಕೊಳ್ಳಿ. 5,850ರಲ್ಲಿ 3,500 ಕಳೆದರೆ ಗಾಡಿಗೆ ಉಳಿಯೋದು 2,350. ಅದರಲ್ಲಿ ಖಾಲಿ ತೂಕ ಹೋದರೆ 250 ಕೆಜಿ. ಇಬ್ಬರು ಕೂತರೆ 150 ಹೋಯಿತು. ಬುಲ್‌ಬಾರ್ (ಗಾಡಿಯ ಮುಂದೆ ಹಾಕುವ ಕಬ್ಬಿಣದ ಕಂಬಿ), ಫ್ರಿಜ್, ಟೂಲ್ಸ್, ಕುಡಿಯುವ ನೀರು, ಇವಕ್ಕೆಲ್ಲ 100 ಕೆಜಿ. ಸಾಕಾಗುತ್ತಾ ನೀವೇ ಹೇಳಿ.

ಅದೇ ಪಿಕಪ್‌ಗೆ ಕ್ಯಾರವಾನ್ 2,800 ಆದರೆ, ಹಿಚ್ ಮೇಲಿನ 280 ಕೆಜಿಯನ್ನು ಜಿವಿಎಂನಲ್ಲಿ ಕಳೆದಮೇಲೂ ಗಾಡಿಗೆ 670 ಕೆಜಿ ಉಳಿಯುತ್ತೆ. ನಿಮ್ಮ ತಮ್ಮನಿಗೆ ಹೇಳಿ, ಕ್ಯಾರವಾನ್ ಇಳಿಸಲಿ, ಇಲ್ಲವೇ ಗಾಡಿ ಏರಿಸಲಿ, ಲ್ಯಾಂಡ್ ಕ್ರೂಸರ್ 300 ಥರದ್ದಕ್ಕೆ. ಅಲ್ಲಿ ಸುತ್ತುವುದು ಸಣ್ಣ ಮಾತಲ್ಲ. ದೇಶವನ್ನು ಸುತ್ತು ಹಾಕುವ ಹೈವೇ 1 ಸುಮಾರು 14,500 ಕಿಮೀ. ನಲ್ಲಾರ್ಬೋರ್ ದಾರಿಯಲ್ಲಿ ಒಂದು ಕಡೆ 146.6 ಕಿಮೀ ಒಂದು ತಿರುವೂ ಇಲ್ಲದ ನೇರ ರಸ್ತೆ. ಎದುರಿನಿಂದ ರೋಡ್ ಟ್ರೇನ್ ಅನ್ನುವ ಭಾರಿ ಉದ್ದದ ಲಾರಿ ಹಾದುಹೋದಾಗ ಆ ಗಾಳಿಗೇ ಕ್ಯಾರವಾನ್ ಅಲುಗುತ್ತೆ. ಮಿತಿಯ ಅಂಚಿನಲ್ಲಿ ಹೊರಟವರಿಗೆ ಅಲ್ಲಿ ಕಷ್ಟ. ಅಲ್ಲಿ 2,000 ಕೆಜಿ ದಾಟಿದ ಕ್ಯಾರವಾನ್‌ಗೆ ಎಲ್ಲ ಚಕ್ರಕ್ಕೂ ಬ್ರೇಕ್ ಮತ್ತು ಕೊಂಡಿ ಕಳಚಿದರೆ ತಾನಾಗಿಯೇ ಬ್ರೇಕ್ ಹಿಡಿಯುವ ವ್ಯವಸ್ಥೆ ಕಡ್ಡಾಯ. ಹಳೆಯ ಕ್ಯಾರವಾನ್ ಕೊಳ್ಳುವುದಾದರೆ ಅವೆರಡೂ ಕೆಲಸ ಮಾಡುತ್ತವಾ ಅಂತ ನಿಂತು ನೋಡಲಿ.

ಪ್ರಶ್ನೆ: ನಮ್ಮ ಹತ್ತಿರ ಇನ್ನೋವಾ ಕ್ರಿಸ್ಟಾ ಡೀಸೆಲ್ ಇದೆ. ಅದನ್ನು ಕೊಟ್ಟು ಹೈಕ್ರಾಸ್ ತಗೊಂಡು ಸಣ್ಣ ಕ್ಯಾರವಾನ್ ಕಟ್ಟೋಣ ಅಂತ ಯೋಚನೆ. — ಓದುಗರು, ಮಡಗಾಂವ್, ಗೋವಾ

ಉತ್ತರ: ಕ್ಯಾರವಾನ್‌ಗೋಸ್ಕರ ಆದರೆ ಬೇಡ, ಕ್ರಿಸ್ಟಾನೇ ಇರಲಿ. ಕ್ರಿಸ್ಟಾಗೆ ಲ್ಯಾಡರ್ ಫ್ರೇಮ್ ಇದೆ, ಹಿಂದಿನ ಚಕ್ರ ತಳ್ಳುತ್ತೆ, 343 ಎನ್‌ಎಂ ಟಾರ್ಕ್ ಇದೆ. ಹೈಕ್ರಾಸ್ ಮೊನೊಕಾಕ್, ಅಂದರೆ ಬೇರೆ ಚೌಕಟ್ಟಿಲ್ಲದೆ ಬಾಡಿಯೇ ಭಾರ ಹೊರುವ, ಮುಂದಿನ ಚಕ್ರದಿಂದ ಓಡುವ ಗಾಡಿ. ಹಿಂದೆ ಭಾರ ಬಿದ್ದರೆ ಮುಂದಿನ ಚಕ್ರದ ಹಿಡಿತ ಕಡಿಮೆಯಾಗುತ್ತೆ. ಮಳೆಗಾಲದಲ್ಲಿ ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಹೋಗುವ ನಿಮಗೆ ಅದು ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾರವಾನ್ ಹಗುರದ್ದು ನೋಡಿ, ಓನರ್ಸ್ ಮ್ಯಾನುಯಲ್‌ನಲ್ಲಿ ಎಳೆಯುವ ಮಿತಿ ನೋಡಿ ಅಂತ ಮೇಲೆ ಹೇಳಿದ್ದು ನಿಮಗೂ ಅನ್ವಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟ್ ಹತ್ತದೆ ಬಯಲುಸೀಮೆ ಕಡೆ ಇದ್ದುಬಿಡಿ.

ಪ್ರಶ್ನೆ: ಯಜಮಾನರಿಗೆ 66, ನನಗೆ 61. ಅವರೇ ಓಡಿಸುತ್ತಾರೆ, ನಾನು ಮಾರ್ಕೆಟ್‌ವರೆಗೆ ಕಾರು ತೆಗೆದುಕೊಂಡು ಹೋಗುತ್ತೇನೆ ಅಷ್ಟೇ. ಕ್ಯಾರವಾನ್ ಕಟ್ಟಿದ ಗಾಡಿ ನಾನೂ ಕಲಿಯಬೇಕಾ? — ಓದುಗರು, ಚೆಂಬೂರು, ಮುಂಬೈ

ಉತ್ತರ: ಕಲಿಯಲೇಬೇಕು ಮೇಡಂ. ನಡುದಾರಿಯಲ್ಲಿ ಅವರಿಗೆ ಜ್ವರ ಬಂದರೆ, ಬೆನ್ನು ಹಿಡಿದುಕೊಂಡರೆ ಯಾರು ಓಡಿಸುತ್ತಾರೆ? ಗಾಡಿ ಆರಿಸುವಾಗಲೂ ನಿಮ್ಮನ್ನು ಕೂರಿಸಿ ನೋಡಬೇಕು. ಸೀಟು ಎತ್ತರ ಆಗುತ್ತಾ, ಕಾಲು ಪೆಡಲ್‌ಗೆ ಎಟುಕುತ್ತಾ, ಹೆಚ್ಚುವರಿ ಕನ್ನಡಿ ಹಾಕಿದರೆ ಕ್ಯಾರವಾನ್‌ನ ಎರಡೂ ಪಕ್ಕ ಕಾಣುತ್ತಾ. ಇಬ್ಬರಿಗೂ ಹೊಂದದ ಗಾಡಿ ಎಷ್ಟೇ ಬಲವಾಗಿದ್ದರೂ ಬೇಡ. ಲೈಸೆನ್ಸ್ ತೆಗೆದು ತಾರೀಕು ನೋಡಿ. 55 ದಾಟಿದವರಿಗೆ ನವೀಕರಣ ಆಗೋದು 5 ವರ್ಷಕ್ಕೆ ಮಾತ್ರ, ವೈದ್ಯರಿಂದ ಫಾರ್ಮ್ 1ಎ, ಅಂದರೆ ಆರೋಗ್ಯದ ಸರ್ಟಿಫಿಕೇಟ್, ಕೂಡ ಬೇಕು. ಪ್ರವಾಸದ ನಡುವೆ ಮುಗಿಯುವ ಹಾಗಿದ್ದರೆ ಮೊದಲೇ ಮಾಡಿಸಿಕೊಂಡು ಹೊರಡಿ.

ಹಿಂದೆ ತೆಗೆಯೋದು ಮೊದಲು ಗೊಂದಲ ಅನಿಸುತ್ತೆ, ಯಾಕೆಂದರೆ ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದರೆ ಕ್ಯಾರವಾನ್ ಎಡಕ್ಕೆ ಹೋಗುತ್ತೆ. ಅದಕ್ಕೊಂದು ಉಪಾಯ ಇದೆ. ಕೈಯನ್ನು ಸ್ಟಿಯರಿಂಗ್‌ನ ಕೆಳತುದಿಯಲ್ಲಿ ಹಿಡಿಯಿರಿ. ಕ್ಯಾರವಾನ್ ಯಾವ ಕಡೆ ಹೋಗಬೇಕೋ ಕೈ ಆ ಕಡೆ ಸರಿಸಿ. ಸ್ವಲ್ಪ ಸ್ವಲ್ಪವೇ, ನಿಧಾನಕ್ಕೆ. ಮಡಚಿಕೊಳ್ಳುತ್ತಿದೆ ಅನಿಸಿದರೆ ನಿಲ್ಲಿಸಿ, ಮುಂದೆ ಹೋಗಿ ನೇರ ಮಾಡಿ ಮತ್ತೆ ಶುರು ಮಾಡಿ. ಭಾನುವಾರ ಬೆಳಿಗ್ಗೆ ಖಾಲಿ ಮೈದಾನಕ್ಕೆ ಇಬ್ಬರೂ ಹೋಗಿ. ಯಜಮಾನರು ಹೊರಗೆ ನಿಮ್ಮ ಕನ್ನಡಿಯಲ್ಲಿ ಕಾಣುವ ಜಾಗದಲ್ಲಿ ನಿಂತು ಕೈಸನ್ನೆ ಮಾಡಲಿ, ನೀವು ಓಡಿಸಿ. ಆಮೇಲೆ ಜಾಗ ಬದಲಾಯಿಸಿ.