ಫ್ರೀಜ್ ಮಾಡಿದ ವೀರ್ಯ ಕರಗಿಸಿದ ಮೇಲೆ ವೀರ್ಯಾಣುಗಳು ಮತ್ತೆ ಚುರುಕಾಗುತ್ತವಾ?

ಕಿಮೋಗೆ ಮುಂಚೆ ಫ್ರೀಜ್ ಮಾಡಿಸಿಟ್ಟ ವೀರ್ಯದ ಒಂದು ವಯಲ್ (ಪುಟ್ಟ ಸೀಸೆ) ಕರಗಿಸಿ ನೋಡಿದರೆ ಶೇ 10ರಷ್ಟು ಮಾತ್ರ ಓಡಾಡುತ್ತಿವೆ, ಉಳಿದವೆಲ್ಲ ಸತ್ತವಾ, ಏನಾದರೂ ಔಷಧಿ ಇದೆಯಾ ಅಂತ ಕೇಳಿದ್ದೀರಿ. ನಾನು ಐವಿಎಫ್ ಲ್ಯಾಬ್‌ನಲ್ಲಿ ಎಂಬ್ರಿಯಾಲಜಿಸ್ಟ್, ಅಂದರೆ ಅಂಡಾಣು, ವೀರ್ಯಾಣು, ಭ್ರೂಣಗಳನ್ನು ನೋಡಿಕೊಳ್ಳುವ ತಜ್ಞ. ದಯವಿಟ್ಟು ಧೈರ್ಯವಾಗಿರಿ. ಅಲ್ಲಾಡದೆ ಬಿದ್ದಿರುವುದೆಲ್ಲ ಸತ್ತಿರುವುದಿಲ್ಲ.

ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಇದ್ದರೂ ಹೆಚ್ಚೇನೂ ಕೆಡುವುದಿಲ್ಲ. ಪೆಟ್ಟು ಬೀಳುವುದು ಹೆಪ್ಪುಗಟ್ಟುವಾಗ ಮತ್ತು ಕರಗುವಾಗ. ಐಸ್ ಹರಳುಗಳಿಂದ, ಉಪ್ಪಿನಂಶದ ಏರುಪೇರಿನಿಂದ ಹೊರಪೊರೆ ಹರಿಯುತ್ತದೆ, ಬಾಲಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ಹಾಳಾಗುತ್ತವೆ. ಒಳ್ಳೆಯ ಸ್ಯಾಂಪಲ್‌ನಲ್ಲೂ ಸುಮಾರು ಅರ್ಧದಷ್ಟು ಚಲನೆ ಹೋಗುವುದು ಮಾಮೂಲು. ಕ್ಯಾನ್ಸರ್ ಇದ್ದವರಲ್ಲಿ ಎಷ್ಟೋ ಸಲ ಫ್ರೀಜ್ ಮಾಡುವ ಮುಂಚೆಯೇ ಚಲನೆ ಕಡಿಮೆ ಇರುತ್ತದೆ.

ಕರಗಿಸಿದ ಮೇಲಿನ ಮೊದಲ ಕೆಲಸವೇ ತುಂಬಾ ನಾಜೂಕಿನದು. ಕಾಪಾಡಲು ಹಾಕಿದ್ದ ಗ್ಲಿಸರಾಲನ್ನು ಈಗ ತೆಗೆಯಬೇಕು. ತೊಳೆಯುವ ದ್ರವವನ್ನು ಒಂದೇ ಸಲ ಸುರಿದರೆ ನೀರು ಒಳಗೆ ನುಗ್ಗಿ ವೀರ್ಯಾಣು ಊದಿಕೊಳ್ಳುತ್ತದೆ, ಪೊರೆ ಒಡೆಯುತ್ತದೆ. ಅದಕ್ಕೇ ತೊಟ್ಟು ತೊಟ್ಟಾಗಿ ಸೇರಿಸುತ್ತೇವೆ. ಆಮೇಲೆ 37 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಬಿಡುತ್ತೇವೆ. ಮೈಕ್ರೋಸ್ಕೋಪ್ ಕೆಳಗೆ ಮೊದಲು ಬಾಲದ ತುದಿಯಷ್ಟೇ ನಡುಗುತ್ತದೆ, ಜಾಗ ಬಿಟ್ಟು ಕದಲುವುದಿಲ್ಲ. ಕೆಲವು ಆಮೇಲೆ ಮುಂದಕ್ಕೆ ಹೊರಡುತ್ತವೆ.

ಔಷಧಿಯೂ ಇದೆ. ಲ್ಯಾಬ್‌ನಲ್ಲಿ ವೀರ್ಯಾಣುಗಳಿಗೆ ಸೇರಿಸುವ ಪೆಂಟಾಕ್ಸಿಫಿಲಿನ್, ಜೀವಕೋಶದೊಳಗಿನ ಸೈಕ್ಲಿಕ್ ಎಎಂಪಿ ಎಂಬ ಅಣು ಒಡೆದುಹೋಗದಂತೆ ತಡೆಯುತ್ತದೆ, ಬಾಲ ಬಡಿಯಲು ಅದೇ ಸೂಚನೆ. ಸುಮ್ನೆ ಬಿದ್ದಿದ್ದವು ಕೆಲವು ನಿಮಿಷದಲ್ಲೇ ಅಲ್ಲಾಡಬಹುದು. ಬಳಸಿದ ಮೇಲೆ ಅದನ್ನು ತೊಳೆದುಬಿಡಬೇಕು. ಆದರೆ ಪೊರೆ ಹರಿದದ್ದನ್ನು ಇದು ಸರಿ ಮಾಡುವುದಿಲ್ಲ, ಬದುಕಿರುವುದನ್ನು ಎಬ್ಬಿಸುತ್ತದೆ ಅಷ್ಟೇ. ನೀವು ಈಗ ನುಂಗುವ ವಿಟಮಿನ್ ಮಾತ್ರೆಯಂತೂ ಟ್ಯಾಂಕ್‌ನಲ್ಲಿರುವ ವೀರ್ಯಕ್ಕೆ ತಲುಪುವುದೇ ಇಲ್ಲ, ಅದಕ್ಕೆ ಅಂತ ದುಡ್ಡು ಹಾಕಬೇಡಿ.

ಒಂದೂ ಅಲ್ಲಾಡದಿದ್ದರೂ ದಾರಿ ಇದೆ. ಉಪ್ಪಿನಂಶ ಕಡಿಮೆ ಇರುವ ದ್ರವಕ್ಕೆ ಹಾಕಿದರೆ ಪೊರೆ ಗಟ್ಟಿ ಇರುವ ವೀರ್ಯಾಣುವಿನ ಬಾಲ ಸುರುಳಿ ಸುತ್ತುತ್ತದೆ, ಸತ್ತದ್ದು ನೆಟ್ಟಗೇ ಇರುತ್ತದೆ. ಹಾಗೆ ಸುತ್ತಿಕೊಂಡದ್ದನ್ನು ಆರಿಸಿ ಇಕ್ಸಿ, ಅಂದರೆ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಚುಚ್ಚುವುದು, ಮಾಡಬಹುದು. ಇಕ್ಸಿಯಲ್ಲಿ ಒಂದು ಅಂಡಾಣುವಿಗೆ ಜೀವ ಇರುವ ಒಂದೇ ವೀರ್ಯಾಣು ಸಾಕು, ಅದು ಈಜಲೇಬೇಕು ಅಂತಿಲ್ಲ. 1992ರಿಂದ ಇಕ್ಸಿಯಲ್ಲಿ ಮಕ್ಕಳಾಗುತ್ತಿರುವುದು ಹೀಗೆ ನೇರವಾಗಿ ಒಳಗೆ ಚುಚ್ಚಿಯೇ, ಅಲ್ವಾ?

ನಿಮ್ಮ ಲ್ಯಾಬ್‌ನಲ್ಲಿ ಎರಡು ವಿಷಯ ಕೇಳಿ. ಆ ಶೇ 10 ತೊಳೆಯುವ ಮುಂಚಿನದಾ, ಆಮೇಲಿನದಾ? ಎಷ್ಟು ಬದುಕಿವೆ ಅಂತ ಬೇರೆಯಾಗಿ ನೋಡಿದ್ದಾರಾ? ಅಲ್ಲಿಯವರೆಗೆ ಬರೀ ಪರೀಕ್ಷೆಗೆ ಅಂತ ಇನ್ನೊಂದು ವಯಲ್ ಕರಗಿಸಲು ಬಿಡಬೇಡಿ.