ದ್ವೀಪದಲ್ಲಿ ಹೊರಗಿನ ಇರುವೆ ಹಬ್ಬಿದರೆ ಸ್ಪ್ರೇ ಹೊಡೆದು ಮುಗಿಸಲಾಗದೇ?

ಆಗುವುದಿಲ್ಲ. ಸ್ಪ್ರೇಗೆ ಸಾಯುವುದು ಹೊರಗೆ ಓಡಾಡುವ ಕೆಲಸಗಾರ ಇರುವೆಗಳು ಮಾತ್ರ; ರಾಣಿಗಳು ಗೂಡಿನೊಳಗೆ ಮೊಟ್ಟೆ ಇಡುತ್ತಲೇ ಇರುತ್ತವೆ. ಬೇಕಾದದ್ದು ನಿಧಾನ ವಿಷ ಬೆರೆಸಿದ ತಿಂಡಿ. ಇರುವೆಗಳು ತಿಂದದ್ದನ್ನು ಬಾಯಿಂದ ಬಾಯಿಗೆ ದಾಟಿಸುವುದರಿಂದ ಅದು ರಾಣಿಯವರೆಗೂ ಮುಟ್ಟುತ್ತದೆ. ವಿಷ ಜೋರಾದರೆ ಹೊತ್ತವು ದಾರಿಯಲ್ಲೇ ಸಾಯುತ್ತವೆ, ಅಷ್ಟೇ.

ಹಿಂದೂ ಮಹಾಸಾಗರದಲ್ಲಿರುವ, ಆಸ್ಟ್ರೇಲಿಯಾಕ್ಕೆ ಸೇರಿದ ಕ್ರಿಸ್‌ಮಸ್ ದ್ವೀಪದಲ್ಲಿ ಕೆಂಪು ಏಡಿಗಳನ್ನು ಕೊಲ್ಲುತ್ತಿದ್ದ ಹಳದಿ ಇರುವೆಗೆ 2009ರಲ್ಲಿ ಫಿಪ್ರೊನಿಲ್ ಎಂಬ ಕೀಟನಾಶಕ ಶೇ. 0.01 ಇರುವ ತಿಂಡಿಯ ಹರಳನ್ನು ಹೆಕ್ಟೇರಿಗೆ 4 ಕೆ.ಜಿ.ಯಂತೆ ಹೆಲಿಕಾಪ್ಟರಿನಿಂದ ಚೆಲ್ಲಿದರು. ಇರುವೆ ಮತ್ತೆ ಹೆಚ್ಚಿತು. ಮರದ ರಸ ಹೀರುವ ಶಲ್ಕ ಕೀಟಗಳು ಸುರಿಸುವ ಸಿಹಿದ್ರವವೇ ಅದರ ಮುಖ್ಯ ಊಟ. ಅದಕ್ಕೇ 2016ರ ಕೊನೆಗೆ ಆ ಕೀಟದೊಳಗೆ ಮೊಟ್ಟೆಯಿಡುವ ಪುಟ್ಟ ಕಣಜ ತಂದು ಬಿಟ್ಟರು.

ಮಲ್ಪೆಯ ಸೇಂಟ್ ಮೇರೀಸ್‌ನಂಥ ಕಡೆ ಮಾಡುವುದಾದರೆ ಮಳೆಗಾಲ ಬೇಡ, ಒದ್ದೆ ಹರಳನ್ನು ಇರುವೆ ಮುಟ್ಟುವುದಿಲ್ಲ. ನೀರಿನಂಚಿಗೂ ಬೇಡ: ಫಿಪ್ರೊನಿಲ್ ಏಡಿ, ಸಿಗಡಿಗೂ ವಿಷ.